ಅಳಿಸಿದ ಬಿರುದು

ಪ್ರವಾದಿಯ ಅಧಿಕಾರವಿರುವುದು ಅವನ ಬಿರುದಿನಲ್ಲಿಯೋ, ಹೊತ್ತ ಹೊಣೆಯಲ್ಲಿಯೋ? 628ರಲ್ಲಿ ಮಹಮ್ಮದ್ ಪೈಗಂಬರರು ಮದೀನದಿಂದ ಯಾತ್ರೆ ಹೊರಟಾಗ ಮಕ್ಕಾದ ಕುರೈಷರು ತಡೆದರು. ಹುದೈಬಿಯಾದಲ್ಲಿ ಸಂಧಿಪತ್ರ ಬರೆಯುವಾಗ ‘ದೇವರ ಸಂದೇಶವಾಹಕ’ ಎಂಬ ಮಾತಿಗೆ ಅವರ ಪ್ರತಿನಿಧಿ ಸುಹೈಲನು ಅಡ್ಡಬಂದನು. ಅದನ್ನು ಒಪ್ಪಿದ್ದರೆ ತಡೆಯುತ್ತಲೇ ಇರಲಿಲ್ಲವೆಂದನು. ಎದುರಾಳಿಯದಾದರೂ ನ್ಯಾಯವಾದ ಮಾತೇ! ಲಿಪಿಕಾರರಾಗಿದ್ದ ಅಲಿಯವರಿಗೆ ಅದನ್ನು ಅಳಿಸಲು ಕೈ ಬರಲಿಲ್ಲ. ಪೈಗಂಬರರೇ ಅಳಿಸಿ ‘ಅಬ್ದುಲ್ಲಾನ ಮಗ’ ಎಂದು ಬರೆಯಿಸಿದರೆಂದು ಸಂಪ್ರದಾಯವು ಹೇಳುತ್ತದೆ. ಉಮರರಂತಹ ಆಪ್ತರೇ ಈ ಸಂಧಿಯನ್ನು ಹೀನಾಯವೆಂದು ಬಗೆದು ಕಳವಳಗೊಂಡರು.

ಇದು ಬರಿಯ ರಾಜಕೀಯ ಜಾಣ್ಮೆಯೆಂಬ ವಾದವು ನಮಗೆ ಸಮ್ಮತವಲ್ಲ. ಮದೀನದಲ್ಲಿ ಅವರು ಸಂದೇಶ ಸಾರುವವರಷ್ಟೇ ಅಲ್ಲ, ವ್ಯಾಜ್ಯ ತೀರಿಸುವವರೂ, ಜನರ ಪ್ರಾಣಕ್ಕೆ ಹೊಣೆಯಾದವರೂ ಆಗಿದ್ದರು. ಬಿರುದಿಗಾಗಿ ಪಟ್ಟುಹಿಡಿದಿದ್ದರೆ ತೆರಬೇಕಾಗಿದ್ದುದು ಯಾತ್ರಿಕರ ರಕ್ತವನ್ನು. ಆ ವರ್ಷ ಅವರು ಮಕ್ಕಾ ಪ್ರವೇಶಿಸದೆಯೇ ಮರಳಿದರು; 629ರಲ್ಲಿ, ಅದೇ ಸಂಧಿಯಂತೆ, ಯಾತ್ರೆಯನ್ನು ನೆರವೇರಿಸಿದರು.