ಹಿತ್ತಲು ನಮ್ಮದು, ನೀರು ಯಾರದು?

ನಮ್ಮ ಹಿತ್ತಲಿನ ಕಳೆಗೆ ಔಷಧಿ ಹೊಡೆಯುವುದು ನಮ್ಮ ಸ್ವಂತ ವಿಚಾರ ಎಂದುಕೊಳ್ಳುತ್ತೇವೆ. ಆದರೆ ಸ್ಯಾನ್ ಮಟಿಯೋದಲ್ಲಿ ರಸ್ತೆಬದಿಯ ಮೋರಿಗೆ ಬಿದ್ದ ಮಳೆನೀರು ಶುದ್ಧೀಕರಣವಾಗದೆಯೇ ಹಳ್ಳಗಳ ಮೂಲಕ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯನ್ನು ಸೇರುತ್ತದೆ. ನಾವು ಹೊಡೆದದ್ದು ಮೊದಲ ಮಳೆಗೇ ಮೀನು, ಹಕ್ಕಿಗಳ ಪಾಲಾಗಬಹುದು. ಅನುಕೂಲ ನಮಗೆ, ನಷ್ಟ ಅವಕ್ಕೆ. ಇದು ನ್ಯಾಯವೇ?

ಬೇರೆ ದಾರಿಯಿದೆ. ನವೆಂಬರ್ ಮಳೆಗೆ ಮುಂಚೆ ಬರಿ ಮಣ್ಣಿನ ಮೇಲೆ 3 ಅಂಗುಲ ಮರದ ಚಕ್ಕೆ ಹರಡಿದರೆ, ಬೆಳಕು ಸಿಗದೆ ಬಹಳಷ್ಟು ಬೀಜ ಮೊಳೆಯುವುದೇ ಇಲ್ಲ. ಅದನ್ನೂ ಮೀರಿ ಬಂದದ್ದನ್ನು, ಹೂ ಬಿಡುವ ಮೊದಲು, ನೆಲ ಒದ್ದೆಯಿರುವಾಗ ಕೈಯಿಂದಲೇ ಕೀಳಬಹುದು. ವಿಷ ಬೀಳದ ನೆಲದ ಗೋಣಿಸೊಪ್ಪನ್ನು ಗುರುತು ಬಲ್ಲವರು ಹುಳಿಗೂ ಹಾಕಬಹುದು!

ಇದಕ್ಕೆ ಒಂದೆರಡು ಶನಿವಾರದ ಬೆನ್ನುನೋವು ಖಂಡಿತ. ನಮ್ಮ ಅಂಗಳದ ಶ್ರಮ ನಮಗೇ ಇರಲಿ. ಕಣ್ಣಿಗೆ ಕಾಣದ ಜೀವಿಗಳ ಮೇಲೆ ಹೊರಿಸುವುದು ಬೇಡ.