ಮಿರ್ಯಾಮಳು ಬರುವ ತನಕ

ಧ್ಯಾನಕ್ಕೆ ಆಧಾರ: ಅರಣ್ಯಕಾಂಡ 12ನೆಯ ಅಧ್ಯಾಯ, 15ನೆಯ ವಚನ



ಇಸ್ರಾಯೇಲ್ಯರು ಅರಣ್ಯದಲ್ಲಿ ಪ್ರಯಾಣಮಾಡುತ್ತಿದ್ದ ಕಾಲದ ಒಂದು ಸಂಗತಿಯನ್ನು ಈ ತಿಂಗಳು ನಿಮ್ಮ ಮುಂದೆ ಇಡುತ್ತೇವೆ. ಮೋಶೆಯ ಅಕ್ಕಳಾದ ಮಿರ್ಯಾಮಳು ತನ್ನ ತಮ್ಮನಿಗೆ ವಿರೋಧವಾಗಿ ಮಾತಾಡಿದಳು. ಆಗ ಅವಳ ಮೈಗೆ ಚರ್ಮರೋಗ ಹತ್ತಿತು. ಮೋಶೆಯು ಅವಳಿಗೋಸ್ಕರ ದೇವರಿಗೆ ಮೊರೆಯಿಟ್ಟನು. ಆದರೂ ಅವಳು ಏಳು ದಿವಸ ಪಾಳೆಯದ ಹೊರಗೆ ಇರಬೇಕೆಂದು ಅಪ್ಪಣೆಯಾಯಿತು. ಇಷ್ಟನ್ನು ನಾವೆಲ್ಲರೂ ಬಲ್ಲೆವು. ಭಾನುವಾರದ ಪಾಠಶಾಲೆಯಲ್ಲಿ ಮಕ್ಕಳಿಗೂ ಕಲಿಸುತ್ತೇವೆ. ಆದರೆ ಕಥೆಯ ಕೊನೆಯ ಮಾತನ್ನು ಅವಸರದಿಂದ ದಾಟಿಹೋಗುತ್ತೇವೆ. ಆ ಏಳು ದಿವಸವೂ ಜನರು ಡೇರೆಗಳನ್ನು ಕೀಳಲಿಲ್ಲ. ಮಿರ್ಯಾಮಳನ್ನು ತಿರಿಗಿ ಒಳಗೆ ಸೇರಿಸಿಕೊಂಡ ಮೇಲೆಯೇ ಮುಂದಕ್ಕೆ ಹೊರಟರೆಂದು ಅಲ್ಲಿ ತಿಳಿಸಲ್ಪಟ್ಟಿದೆ.

ಇದನ್ನು ಸ್ವಲ್ಪ ಲೆಕ್ಕಹಾಕಿ ನೋಡಿರಿ. ಅದೇ ಪುಸ್ತಕದ ಮೊದಲನೆಯ ಅಧ್ಯಾಯದಲ್ಲಿ ಎಣಿಸಲ್ಪಟ್ಟ ಗಂಡಸರೇ 6,03,550 ಮಂದಿ. ಹೆಂಗಸರು, ಮಕ್ಕಳು, ದನಕುರಿಗಳು ಬೇರೆ. ಮುಂದೆ ವಾಗ್ದಾನದ ದೇಶ, ಸುತ್ತಲೂ ಬೆಂಗಾಡು. ಅಷ್ಟು ದೊಡ್ಡ ಜನಾಂಗವು ಒಬ್ಬ ಹೆಂಗಸಿಗೋಸ್ಕರ ನಿಂತುಕೊಂಡಿತು. ಕೆಂಪು ಸಮುದ್ರವನ್ನು ದಾಟಿದ ದಿವಸದಲ್ಲಿ ಕೈಯಲ್ಲಿ ದಮ್ಮಡಿ ಹಿಡಿದು, ಹೆಂಗಸರೆಲ್ಲರನ್ನು ಹಿಂದಿಟ್ಟುಕೊಂಡು ಹಾಡಿ ಕುಣಿದವಳು ಇದೇ ಮಿರ್ಯಾಮಳು. ಅವಳನ್ನು ಹೊರಗೆ ಬಿಟ್ಟು ಹೊರಟಿದ್ದರೆ ಪ್ರಯಾಣ ಸಾಗುತ್ತಿತ್ತು. ಆದರೆ ಹಾಡು ಅಲ್ಲಿಯೇ ಉಳಿದುಹೋಗುತ್ತಿತ್ತು.

ಈ ಸಂಗತಿ ನಮಗೆ ಈಗ ಯಾಕೆ? ಹೇಳುತ್ತೇವೆ, ಕೇಳಿರಿ.

2020ನೆಯ ಇಸವಿ ಮಾರ್ಚ್ 22ರಂದು ಒಂದು ದಿವಸದ ಜನತಾ ಕರ್ಫ್ಯೂ ಆಯಿತು. ಅದೇ ತಿಂಗಳ 25ರಿಂದ ದೇಶವೆಲ್ಲಾ ಬಾಗಿಲು ಹಾಕಿಕೊಂಡಿತು. ಕೊರೋನ ಎಂಬ ವ್ಯಾಧಿಯು ಉಸಿರಿನಿಂದ ಉಸಿರಿಗೆ ಹರಡುವದೆಂದು ತಿಳಿದು, ಮನುಷ್ಯನು ಮನುಷ್ಯನಿಗೆ ದೂರವಾಗಿ ನಿಲ್ಲಬೇಕಾಯಿತು. ನಮ್ಮ ಮಾಡದಕೆರೆಯ ಸೀಮೆಯಲ್ಲಿಯೂ ಹೊಸದುರ್ಗದ ಬಸ್ಸು ನಿಂತಿತು, ಸಂತೆ ನಿಂತಿತು, ಕಟ್ಟೆಯ ಮೇಲಿನ ಮಾತು ನಿಂತಿತು. ನಾಡಿನ ಅನೇಕ ಹಳ್ಳಿಗಳವರು ಊರಬಾಗಿಲಿಗೆ ಮುಳ್ಳು ಕಡಿದು ಹಾಕಿದರು. ಬೆಂಗಳೂರಿನಿಂದ ಹಿಂತಿರುಗಿದ ಹುಡುಗರು ತಮ್ಮ ತಾಯಿಯ ಮುಖವನ್ನು ದೂರದಿಂದ ನೋಡಿ, ತೋಟದ ಮನೆಯಲ್ಲಿ 14 ದಿವಸ ಒಬ್ಬರೇ ಉಂಡು ಮಲಗಿದರು. ಆರಾಧನೆಯ ಸ್ಥಳಗಳು 2020ರ ಜೂನ್ 8ರಂದು ತೆರೆಯಲ್ಪಟ್ಟವು. ಎರಡನೆಯ ಅಲೆ ಬಂದಾಗ 2021ರ ಏಪ್ರಿಲ್ ಕಡೆಯಲ್ಲಿ ತಿರಿಗಿ ಮುಚ್ಚಲ್ಪಟ್ಟು, ಜುಲೈ 5ರಂದು ತಿರಿಗಿ ತೆರೆದವು. ಒಂದರಿಂದ ಐದನೆಯ ತರಗತಿಯ ಮಕ್ಕಳಿಗಂತೂ ಆ ವರ್ಷದ ಅಕ್ಟೋಬರ್ 25ರ ತನಕ ಶಾಲೆಯ ಬಾಗಿಲು ಕಾಣಲಿಲ್ಲ. ಸರ್ಕಾರದ ಲೆಕ್ಕದಂತೆಯೇ ಕರ್ನಾಟಕದಲ್ಲಿ 40,000ಕ್ಕೂ ಹೆಚ್ಚು ಮಂದಿ ಮಣ್ಣುಪಾಲಾದರು. ಕಡೆಗೆ 2023ರ ಮೇ 5ರಂದು ಆ ತುರ್ತಿನ ಕಾಲ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯವರು ಸಾರಿದರು.

ಬಾಗಿಲುಗಳು ತೆರೆದವು. ಆದರೆ ಪ್ರಿಯರೇ, ಕದ ತೆರೆದ ದಿವಸವೇ ಮನಸ್ಸು ತೆರೆಯುವದಿಲ್ಲ. ಇದನ್ನು ನಾವು ತಡವಾಗಿ ಕಲಿತೆವು. ಯಾರಿಂದ ಕಲಿತೆವೆಂಬದನ್ನು ನಾಚಿಕೆಯಿಂದಲೇ ಬರೆಯುತ್ತೇವೆ.

ನಮ್ಮ ಚಿಕ್ಕ ಸಭೆಯಲ್ಲಿ ಒಬ್ಬ ವೃದ್ಧ ಸಹೋದರಿಯುಂಟು. ಎಲ್ಲರೂ ಅವರನ್ನು ದೊಡ್ಡಮ್ಮನೆಂದೇ ಕರೆಯುತ್ತಾರೆ. ಭಜನೆಯಲ್ಲಿ ತಾಳ ಹಿಡಿಯುವವರು ಅವರೇ. ಕ್ರಿಸ್ಮಸ್ ಬಂತೆಂದರೆ ಹೆಣ್ಣುಮಕ್ಕಳಿಗೆ ಕೋಲಾಟದ ಹೆಜ್ಜೆ ಕಲಿಸುವವರೂ ಅವರೇ. 2021ರ ಮೇ ತಿಂಗಳಿನಲ್ಲಿ ಅವರ ಯಜಮಾನರು ಇದೇ ವ್ಯಾಧಿಯಿಂದ ತೀರಿಕೊಂಡರು. ಮಣ್ಣಿಗೆ ಹೋದವರು ಐದಾರು ಮಂದಿ ಮಾತ್ರ. ಆಗಿನ ನಿಯಮ ಅಂಥದ್ದು; ಅದರಲ್ಲಿ ತಪ್ಪೇನೂ ಇಲ್ಲ. ತಪ್ಪು ಆ ಮೇಲೆ ಆಯಿತು. ಜುಲೈಯಲ್ಲಿ ದೇವಾಲಯ ತೆರೆದಾಗ ದೊಡ್ಡಮ್ಮನವರು ಬರಲಿಲ್ಲ. ದುಃಖದಲ್ಲಿದ್ದಾರೆ, ಬಂದಾಗ ಬರಲಿ ಎಂದೆವು. ಒಂದು ತಿಂಗಳು ಹೋಯಿತು, ಒಂದು ವರ್ಷ ಹೋಯಿತು. ತಾಳವನ್ನು ಬೇರೊಬ್ಬರು ಹಿಡಿದರು, ಭಜನೆ ನಡೆಯಿತು. ನಾವು ಅದನ್ನು ದಯೆಯೆಂದು ಎಣಿಸಿದ್ದೆವು. ನಿಜವಾಗಿ ಅದು ಸೋಮಾರಿತನವಾಗಿತ್ತು.

2022ರ ಸೆಪ್ಟೆಂಬರಿನಲ್ಲಿ ವಾಣಿವಿಲಾಸ ಸಾಗರವು ತುಂಬಿ ಕೋಡಿ ಹರಿದದ್ದು ನಿಮಗೆಲ್ಲಾ ನೆನಪುಂಟು. 1933ರ ಮೇಲೆ 89 ವರ್ಷಗಳ ತನಕ ಯಾರೂ ಕಾಣದ ನೋಟ ಅದು. ಮಾರಿಕಣಿವೆಯ ಕಡೆಗೆ ಜನವೋ ಜನ! ಎರಡು ವರ್ಷ ಮುಖ ಮುಚ್ಚಿಕೊಂಡಿದ್ದವರು ನೀರಿನ ಎದುರಿಗೆ ನಿಂತು ಒಬ್ಬರನ್ನೊಬ್ಬರು ನೋಡಿ ನಕ್ಕರು. ನಮ್ಮ ಸಭೆಯವರೂ ಒಂದು ಟೆಂಪೋ ಮಾಡಿಕೊಂಡು, ಬುತ್ತಿ ಕಟ್ಟಿಕೊಂಡು ಹೋದೆವು. ಹಾಡು, ನಗೆ, ಮಕ್ಕಳ ಕೂಗು. ಸೆರೆಯಿಂದ ಬಿಡುಗಡೆಯಾದವರ ಹಾಗೆ ಇದ್ದೆವು. ಆ ಟೆಂಪೋದಲ್ಲಿ ಇನ್ನೂ ಇಬ್ಬರಿಗೆ ಸ್ಥಳವಿತ್ತು. ದೊಡ್ಡಮ್ಮನವರ ಮನೆಯ ಮುಂದಿನಿಂದಲೇ ಗಾಡಿ ಹೋಯಿತು. ನಿಲ್ಲಿಸಿರೆಂದು ಒಬ್ಬರೂ ಹೇಳಲಿಲ್ಲ. ನಾವೂ ಹೇಳಲಿಲ್ಲ.

ಆ ವರ್ಷದ ಕ್ರಿಸ್ಮಸ್ ಕಳೆದ ಮೇಲೆ ಒಂದು ಸಾಯಂಕಾಲ ನಾವು ಅವರ ಮನೆಗೆ ಹೋದೆವು. ಬಾಗಿಲು ತೆರೆಯಲು ಬಹಳ ಹೊತ್ತಾಯಿತು. ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡೇ ನಿಂತರು. ಯಾಕಮ್ಮಾ ದೇವಾಲಯಕ್ಕೆ ಬರುತ್ತಿಲ್ಲ ಎಂದು ಕೇಳಿದೆವು. ಆಗ ಅವರು, "ಅಯ್ಯನವರೇ, ರೋಗದ ಭಯಕ್ಕೆ ಬಾಗಿಲು ಹಾಕಿಕೊಂಡವಳು ನಾನೇ, ನಿಜ. ರೋಗ ಹೋದ ಮೇಲೆ ಯಾರಾದರೂ ತಟ್ಟಿದರೆ ತೆಗೆಯೋಣವೆಂದು ಕೂತೆ. ಯಾರೂ ತಟ್ಟಲಿಲ್ಲ. ನಾನಾಗಿಯೇ ಹೊರಗೆ ಬಂದು ಯಾರ ಮುಖ ನೋಡಲಿ?" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಮಾವನವರು ಹುಡುಗರಾಗಿದ್ದಾಗ ಕೋಡಿ ಬಿದ್ದದ್ದನ್ನು ನೋಡಿದ್ದರು. ಆ ಕಥೆ ಕೇಳಿಕೊಂಡೇ ಇವರು ಬೆಳೆದದ್ದು. ತಾನೂ ನೋಡಬೇಕು ಎನ್ನುತ್ತಿದ್ದರು. ಅವರ ಪಾಲಿಗೆ ನಾನಾದರೂ ನೋಡಬಹುದಿತ್ತು" ಎಂದರು.

ನಮಗೆ ಉತ್ತರ ಹೊರಡಲಿಲ್ಲ. ಇಸ್ರಾಯೇಲ್ಯರು ಮಾಡದೆ ಬಿಟ್ಟದ್ದನ್ನು ನಾವು ಮಾಡಿದ್ದೆವು. ಮಿರ್ಯಾಮಳನ್ನು ಹೊರಗೆ ಬಿಟ್ಟು ಹಾಡುತ್ತಾ ಹೊರಟಿದ್ದೆವು. ಮಿರ್ಯಾಮಳಾದರೋ ತನ್ನ ತಪ್ಪಿನಿಂದ ಹೊರಗಾದವಳು. ನಮ್ಮ ದೊಡ್ಡಮ್ಮನವರು ಮಾಡಿದ ತಪ್ಪೇನು? ಹುಟ್ಟುಕುರುಡನನ್ನು ಕಂಡು, ಇದು ಯಾರ ಪಾಪದ ಫಲವೆಂದು ಶಿಷ್ಯರು ಕೇಳಿದಾಗ, ಅವನ ಪಾಪವೂ ಅಲ್ಲ, ಅವನನ್ನು ಹೆತ್ತವರ ಪಾಪವೂ ಅಲ್ಲ ಎಂದು ಕರ್ತನು ಹೇಳಿದನಲ್ಲವೇ? ತಪ್ಪು ಮಾಡಿದವಳಿಗೋಸ್ಕರ ಒಂದು ಜನಾಂಗವೇ ಕಾದಿರಲಾಗಿ, ನಿರಪರಾಧಿಗಳಿಗೋಸ್ಕರ ನಾವು ಎಷ್ಟು ಹೆಚ್ಚಾಗಿ ಕಾಯಬೇಕು!

ಆದರೆ ಕಾಯುವದೆಂದರೆ ಕೈಕಟ್ಟಿ ಕೂತುಕೊಳ್ಳುವದಲ್ಲ, ಹೋಗಿ ಕರೆದುತರುವದು. ಕರೆದುತರುವದಕ್ಕೂ ಒಂದು ಕ್ರಮವುಂಟು. ಯಾಜಕಕಾಂಡದ 14ನೆಯ ಅಧ್ಯಾಯವನ್ನು ಓದಿರಿ. ರೋಗ ವಾಸಿಯಾದವನನ್ನು ನೋಡುವದಕ್ಕೆ ಯಾಜಕನೇ ಪಾಳೆಯದ ಹೊರಗೆ ಹೋಗಬೇಕು. ಗುಣವಾದವನು ಪಾಳೆಯದೊಳಗೆ ಬಂದ ಮೇಲೂ ಏಳು ದಿವಸ ತನ್ನ ಡೇರೆಯ ಹೊರಗೇ ಇರಬೇಕು. ಎಂಟನೆಯ ದಿವಸದಲ್ಲಿ ಕಾಣಿಕೆಗಳೊಡನೆ ದೇವರ ಸನ್ನಿಧಿಗೆ ಬರಬೇಕು. ನೋಡಿದಿರಾ? ಒಂದೇ ನೆಗೆತಕ್ಕೆ ಒಳಗೆ ಬಾ ಎಂದು ಅಲ್ಲಿ ಹೇಳಿಲ್ಲ. ಹೊರಗಿನಿಂದ ಪಾಳೆಯಕ್ಕೆ, ಪಾಳೆಯದಿಂದ ಡೇರೆಗೆ, ಒಂದೊಂದೇ ಮೆಟ್ಟಲು. ನಮ್ಮ ಹಿರಿಯರೂ ಇದನ್ನು ಬಲ್ಲವರಾಗಿದ್ದರು. 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗು ಮೈಸೂರು ಸೀಮೆಯ ಹಳ್ಳಿಗಳಿಗೂ ಹಬ್ಬಿದಾಗ ಜನರು ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿದ್ದರು. ಮಾರಿ ತಗ್ಗಿತೆಂದು ಕೇಳಿದ ಕೂಡಲೇ ಓಡಿಬರುತ್ತಿರಲಿಲ್ಲ. ಮನೆಗೆ ಬಿಸಿಲು ಗಾಳಿ ಆಡಿಸಿ, ಸುಣ್ಣ ಬಳಿದು, ಆ ಮೇಲೆ ಒಲೆ ಹೊತ್ತಿಸುತ್ತಿದ್ದರು. ಮನೆಗೆ ಬೇಕಾದ ಬಿಸಿಲು ಗಾಳಿ ಮನಸ್ಸಿಗೆ ಬೇಡವೇ?

ದೊಡ್ಡಮ್ಮನವರ ವಿಷಯದಲ್ಲಿ ಹಾಗೆಯೇ ನಡೆಯಿತು. ಮೊದಲು ನೆರೆಯ ಒಬ್ಬ ಸಹೋದರಿ ದಿನಾ ಸಾಯಂಕಾಲ ಅರ್ಧ ಗಳಿಗೆ ಅವರ ಜಗಲಿಯ ಮೇಲೆ ಹೋಗಿ ಕೂತರು. ಹುಣಿಸೆಹಣ್ಣು ಬಿಡಿಸುತ್ತಾ ಮಾತು, ಅಷ್ಟೇ. ಸತ್ತವರ ಮಾತನ್ನು ಯಾರೂ ತಡೆಯಲಿಲ್ಲ. ಒಂದು ತಿಂಗಳಾದ ಮೇಲೆ ಇಬ್ಬರು ಹುಡುಗಿಯರು ಹಾಡಿನ ಧಾಟಿ ಮರೆತುಹೋಯಿತೆಂದು ಹೇಳಿ ಕಲಿಯಲು ಹೋದರು. ಬೇಸಿಗೆಯಲ್ಲಿ ಅವರ ಅಂಗಳದಲ್ಲಿಯೇ ಒಂದು ಭಜನೆ ಆಯಿತು. ಆ ಮೇಲೆ ಒಂದು ಭಾನುವಾರ ದೇವಾಲಯದ ಬಾಗಿಲ ಹತ್ತಿರ, ಗಾಳಿ ಬರುವ ಕಡೆ, ಒಂದು ಕುರ್ಚಿ ಹಾಕಿದೆವು. ಅವರು ಮುಖವಸ್ತ್ರ ಹಾಕಿಕೊಂಡು ಬಂದು, ಮೊದಲನೆಯ ಕೀರ್ತನೆ ಮುಗಿದ ಕೂಡಲೇ ಎದ್ದು ಹೋದರು. ಮುಂದಿನ ಭಾನುವಾರ ಪ್ರಸಂಗದ ತನಕ ಇದ್ದರು. ಯಾರೂ ಹಿಂತಿರುಗಿ ನೋಡಕೂಡದೆಂದು ಮೊದಲೇ ಹೇಳಿದ್ದೆವು. ಮಕ್ಕಳು ಮಾತ್ರ ನೋಡಿ ನಕ್ಕರು, ಅದರಿಂದ ಕೆಟ್ಟದ್ದೇನೂ ಆಗಲಿಲ್ಲ. ಮದುವೆಯ ಗದ್ದಲಕ್ಕೆ ಅವರು ಈಗಲೂ ಹೋಗಲಾರರು. ಆದರೆ ತಾಳ ತಿರಿಗಿ ಅವರ ಕೈಯಲ್ಲಿದೆ.

ಇಲ್ಲಿ ಕೆಲವರು ಒಂದು ಪ್ರಶ್ನೆಯನ್ನು ಕೇಳುವದುಂಟು: ಇಷ್ಟು ಮಂದಿ ಸತ್ತ ಮೇಲೆ ಆಟಪಾಟಗಳು ಯಾಕೆ? ಆರಾಧನೆ ಒಂದಿದ್ದರೆ ಸಾಲದೇ? ಅದಕ್ಕೆ ಜೆಕರ್ಯನ 8ನೆಯ ಅಧ್ಯಾಯವೇ ಉತ್ತರ. ಸೆರೆಯಿಂದ ತಿರಿಗಿ ಬಂದ ಯೆರೂಸಲೇಮಿಗೆ ದೇವರು ಕೊಟ್ಟ ಗುರುತು ಯಾವದು? ಮುದುಕರೂ ಮುದುಕಿಯರೂ ಕೋಲು ಹಿಡಿದು ಬೀದಿಯಲ್ಲಿ ಕೂತಿರುವರು, ಆಡುವ ಹುಡುಗ ಹುಡುಗಿಯರಿಂದ ಬೀದಿಗಳು ತುಂಬಿರುವವು ಎಂಬದೇ. ಕಟ್ಟೆಯ ಮೇಲಿನ ಹರಟೆಯನ್ನೂ ಮಕ್ಕಳ ಆಟವನ್ನೂ ದೇವರು ತನ್ನ ವಾಗ್ದಾನದೊಳಗೆ ಸೇರಿಸಿಕೊಂಡಿರಲಾಗಿ, ಅವುಗಳನ್ನು ಹಗುರವಾಗಿ ಎಣಿಸಲು ನಾವು ಯಾರು? ಸತ್ತವರನ್ನು ಮರೆತು ನಗುವದು ಕ್ರೂರತನ; ಅವರನ್ನು ನೆನಸಿಕೊಂಡು, ಉಳಿದವರ ಸಂಗಡ ನಗುವದು ಸ್ತೋತ್ರ.

ಆದಕಾರಣ ಪ್ರಿಯರೇ, ಕೆಲವು ಮಾತುಗಳನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿರಿ.

ಹೊರಗೆ ಬರಲು ಅಂಜುವವರೇ, ನಿಮ್ಮ ಅಂಜಿಕೆಯು ಅವಿಶ್ವಾಸವಲ್ಲ. ಬಹಳ ದಿವಸ ಮಲಗಿದವನ ಕಾಲು ನಡುಗುವಂತೆ ಬಹಳ ದಿವಸ ಒಂಟಿಯಾಗಿದ್ದವನ ಮನಸ್ಸೂ ನಡುಗುತ್ತದೆ. ನಡೆದರೇನೇ ಬಲ ಬರುವದು. ಒಂದು ಮನೆ, ಒಬ್ಬ ಸ್ನೇಹಿತನು, ಅರ್ಧ ಗಳಿಗೆ, ಅಲ್ಲಿಂದ ಆರಂಭಿಸಿರಿ. ಮೊದಲು ನಿಮಗೆ ಪ್ರಿಯವಾಗಿದ್ದ ಕೆಲಸವನ್ನೇ ಕೈಗೆ ತೆಗೆದುಕೊಳ್ಳಿರಿ. ಹಾರ್ಮೋನಿಯಮ್ಮಿನ ಮೇಲಿನ ಧೂಳು ಒರಸಿರಿ. ಚೌಕಾಬಾರದ ಮನೆಗಳನ್ನು ಸುಣ್ಣದ ಕಡ್ಡಿಯಿಂದ ತಿರಿಗಿ ಬರೆಯಿರಿ.

ಧೈರ್ಯವಾಗಿ ತಿರುಗಾಡುವವರೇ, ಮುಖವಸ್ತ್ರ ಹಾಕಿದವರನ್ನು ಹಾಸ್ಯಮಾಡಬೇಡಿರಿ. ಅಪ್ಪಿಕೊಳ್ಳುವದಕ್ಕೂ ಅಪ್ಪಿಕೊಳ್ಳದಿರುವದಕ್ಕೂ ತಕ್ಕ ಕಾಲವುಂಟೆಂದು ಪ್ರಸಂಗಿಯು ತಿಳಿಸುತ್ತಾನೆ. ಆಗ ದೂರ ನಿಂತದ್ದೂ ಪ್ರೀತಿಯಿಂದಲೇ. ಈಗ ಹತ್ತಿರ ಬರುವದೂ ಪ್ರೀತಿಯಿಂದಲೇ ಆಗಲಿ. ಜ್ವರ ಕೆಮ್ಮು ಇದ್ದ ದಿವಸ ಈಗಲೂ ಮನೆಯಲ್ಲಿಯೇ ಇದ್ದು ವೈದ್ಯರಿಗೆ ತೋರಿಸಿರಿ; ಗುಂಪಿನಲ್ಲಿ ಕೂತು ವೃದ್ಧರಿಗೆ ಅಂಟಿಸುವದು ಭಕ್ತಿಯಲ್ಲ.

ಯೌವನಸ್ಥರೇ, ಆ ಒಂಟಿ ದಿವಸಗಳಲ್ಲಿ ಮೊಬೈಲು ನಿಮಗೆ ಜೊತೆಯಾಗಿತ್ತು. ದೂರದ ಸಹೋದರರ ಪ್ರಾರ್ಥನೆಯನ್ನೂ ಅದು ನಮ್ಮ ಮನೆಗೆ ತಂದಿತು. ಆದರೆ ಅದರಲ್ಲಿ ಹಣ ಕಟ್ಟಿ ಇಸ್ಪೀಟು ಆಡುವದನ್ನು ಕಲಿತವರು ಇದ್ದಾರೆ. ಅದನ್ನು ಬಿಟ್ಟು ವಾಲಿಬಾಲಿನ ಬಲೆ ಕಟ್ಟಿರಿ. ಮುಚ್ಚಿದ ಶಾಲೆಯ ಕಾಲದಲ್ಲಿ ಒಂಟಿಯಾಗಿ ಬೆಳೆದ ಹುಡುಗರನ್ನು ಕರೆದು ಸೇರಿಸಿಕೊಳ್ಳಿರಿ. ಸಂಗಡಿಗರೊಡನೆ ಸೋಲುವದನ್ನು ಕಲಿಯಲು ಅವರಿಗೆ ಎಡೆಯೇ ಸಿಕ್ಕಿರಲಿಲ್ಲ.

ಸಭೆಯ ಹಿರಿಯರೇ, ನಿಮ್ಮ ಹಾಜರಿಯ ಪುಸ್ತಕವನ್ನು ತೆರೆಯಿರಿ. 2020ರ ಮಾರ್ಚ್ ತಿಂಗಳಿನಲ್ಲಿದ್ದ ಹೆಸರುಗಳನ್ನು ಈಗಿನ ಹೆಸರುಗಳ ಪಕ್ಕದಲ್ಲಿ ಇಟ್ಟು ನೋಡಿರಿ. ಕರ್ತನ ಬಳಿಗೆ ಹೋದವರನ್ನು ಬಿಟ್ಟು, ಇನ್ನೂ ಊರಿನಲ್ಲಿಯೇ ಇದ್ದು ಬಾರದವರು ಯಾರು? ಆ ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಂಡು, ಈ ವಾರವೇ ಹೋಗಿ ಅವರ ಕದ ತಟ್ಟಿರಿ. ಬೋಧಿಸಬೇಡಿರಿ, ಆಕ್ಷೇಪಿಸಬೇಡಿರಿ, ತಡವಾಗಿ ಬಂದೆವು, ಕ್ಷಮಿಸಿರಿ ಎಂದು ಹೇಳಿ ಜಗಲಿಯ ಮೇಲೆ ಕೂತುಕೊಳ್ಳಿರಿ.

ಪಾಳೆಯದ ಹೊರಗೆ ಇನ್ನೂ ಒಬ್ಬರು ಇರುವಾಗ ನಾವು ಡೇರೆ ಕೀಳದೆ ಇರುವಂತೆ ಕರ್ತನು ನಮಗೆ ತಾಳ್ಮೆಯನ್ನು ಕೊಡಲಿ; ಕರೆಯುವದಕ್ಕೆ ಹೋಗುವ ಕಾಲುಗಳನ್ನೂ ಕೊಡಲಿ. ಆಮೆನ್.