ಗಂಧವು ಸುಖವೋ, ಔಷಧವೋ?

ಸುಗಂಧದ ಎಣ್ಣೆಗಳಿಂದಲೂ ಸಸ್ಯಗಳ ಪರಿಮಳದಿಂದಲೂ ರೋಗಗಳನ್ನು ಕಳೆಯಬಹುದೆಂಬ ಮಾತು ಈಚೆಗೆ ನಮ್ಮ ಸುಶಿಕ್ಷಿತ ಮನೆಗಳಲ್ಲಿ ಬಹಳವಾಗಿ ಕೇಳಬರುತ್ತಿರುವದು. ನೀಲಗಿರಿ, ಲವಂಗ, ನಿಂಬೆಹುಲ್ಲು, ಲ್ಯಾವೆಂಡರ್ ಇವುಗಳ ಸಾರವನ್ನು ಸಣ್ಣ ಸೀಸೆಗಳಲ್ಲಿ ತುಂಬಿ, ಇದು ನಿದ್ರೆಗೆ, ಇದು ಚಿಂತೆಗೆ, ಇದು ಎದೆಯ ಕಫಕ್ಕೆ ಎಂದು ಚೀಟಿ ಅಂಟಿಸಿ ಮಾರುವರು. ಈ ಪದ್ಧತಿಗೆ ಅರೋಮಾಥೆರಪಿ ಎಂಬ ಹೆಸರನ್ನಿಟ್ಟವನು ಗಾಟ್‌ಫೊಸ್ಸೆ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞನು. ಅವನ ಗ್ರಂಥವು 1937ರಲ್ಲಿ ಆ ಹೆಸರಿನಿಂದಲೇ ಪ್ರಕಟವಾಯಿತು. ಹೆಸರು ಹೊಸದಾದರೂ ಪ್ರಶ್ನೆಯು ಹೊಸದಲ್ಲ. ಅದು ವೈದ್ಯದ ಪ್ರಶ್ನೆಯಾಗಿರುವಷ್ಟೇ ಧರ್ಮದ ಪ್ರಶ್ನೆಯೂ ಆಗಿರುವದರಿಂದ ವಾಚಕರ ಮುಂದಿಡುತ್ತೇನೆ: ಸುಖವನ್ನು ಕೊಡುವ ವಸ್ತುವನ್ನು ಔಷಧವೆಂದು ಹೇಳಿ ಕೊಡಬಹುದೇ?

ನ್ಯಾಯ ವೈಶೇಷಿಕರು ಗಂಧವನ್ನು ಪೃಥ್ವಿಯ ವಿಶೇಷಗುಣವೆಂದು ಹೇಳಿದರು. ಗಾಳಿಯಲ್ಲಾಗಲಿ ನೀರಿನಲ್ಲಾಗಲಿ ಪರಿಮಳವು ತೋರಿದರೆ, ಅದು ಅವುಗಳಲ್ಲಿ ಬೆರೆತು ಬಂದ ಪಾರ್ಥಿವ ಕಣಗಳದೇ ಎಂದು ಅವರ ಸಿದ್ಧಾಂತ. ಇಂದಿನ ವಿಜ್ಞಾನದ ಭಾಷೆಯು ಬೇರೆಯಾದರೂ, ವಸ್ತುವಿನ ಅಣುಗಳು ಬಂದು ಮೂಗನ್ನು ಮುಟ್ಟದೆ ವಾಸನೆಯು ತಿಳಿಯದೆಂಬದನ್ನು ಅದೂ ಒಪ್ಪುವದು. ಡೋಣಿ ನದಿಯ ಎರೆಭೂಮಿಯ ಮೇಲೆ ಮೊದಲ ಮಳೆ ಬಿದ್ದಾಗ ಏಳುವ ವಾಸನೆಯಲ್ಲಿ, ಮಣ್ಣಿನೊಳಗಿನ ಸೂಕ್ಷ್ಮಜೀವಿಗಳು ಹುಟ್ಟಿಸಿದ ಜಿಯೋಸ್ಮಿನ್ ಎಂಬ ಪದಾರ್ಥವಿರುವದು. ಅದನ್ನು ಮೂಸಿದ ಒಕ್ಕಲಿಗನ ಮುಖವು ಅರಳುವದು. ಮೂಗಿನಿಂದ ಹೊರಟ ನರಗಳು ಮೆದುಳಿನಲ್ಲಿ ಸ್ಮೃತಿ ಭಾವನೆಗಳ ನೆಲೆಗಳಿಗೆ ಸಮೀಪದ ದಾರಿಯಿಂದ ಹೋಗುವವು. ಆದುದರಿಂದ ಪರಿಮಳಕ್ಕೆ ಮನಸ್ಸಿನ ಮೇಲೆ ಪರಿಣಾಮವಿಲ್ಲವೆಂದು ವಾದಿಸುವದು ವ್ಯರ್ಥ. ಮನಸ್ಸು ತಿಳಿಯಾಗುವದು ಬೇರೆ, ರೋಗವು ವಾಸಿಯಾಗುವದು ಬೇರೆ, ವಿವಾದವಿರುವದು ಅಲ್ಲಿ.

ನಮ್ಮ ಹಿರಿಯರು ಈ ಭೇದವನ್ನು ಹೆಚ್ಚಾಗಿ ಕಾಯ್ದುಕೊಂಡು ಬಂದರೆಂದು ನನಗೆ ತೋರುವದು. ಚರಕನು ಗಂಧಮಾಲ್ಯಗಳ ಧಾರಣೆಯನ್ನು ಹೇಳಿದ್ದು ನಿತ್ಯದ ದಿನಚರ್ಯೆಯಲ್ಲಿ. ಹನ್ನೊಂದನೆಯ ಶತಮಾನದಲ್ಲಿ ಚಾವುಂಡರಾಯನು ಕನ್ನಡದಲ್ಲಿ ರಚಿಸಿದ ಲೋಕೋಪಕಾರದಲ್ಲಿ ಸುಗಂಧ ತಯಾರಿಸುವ ಪ್ರಕರಣವು ಬೇರೆ, ವೈದ್ಯಪ್ರಕರಣವು ಬೇರೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸದಲ್ಲಿ ಲೇಪನ, ಧೂಪಗಳನ್ನು ರಾಜನ ಉಪಭೋಗಗಳಲ್ಲಿ ಎಣಿಸಿದನು. ಭೋಗವನ್ನು ಭೋಗವೆಂದೇ ಕರೆಯುವ ಧೈರ್ಯ ಅವನಿಗಿದ್ದಿತು. ಇನ್ನು ನಮ್ಮ ಮನಗೂಳಿಗೆ ಸಮೀಪದ ವಿಜಯಪುರದಲ್ಲಿಯೇ, 1580ರಿಂದ 1627ರ ವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲಶಾಹನಿಗಾಗಿ ನಿಜಾಮುದ್ದೀನ ಮಹಮೂದನು ಇತ್ರ್-ಎ-ನೌರಸಶಾಹಿ ಎಂಬ ಸುಗಂಧಶಾಸ್ತ್ರದ ಗ್ರಂಥವನ್ನು ಪಾರಸಿಯಲ್ಲಿ ಬರೆದನು. ಗೋಲಗುಮ್ಮಟವನ್ನು ನೋಡಬರುವ ಸಾವಿರಾರು ಜನರಲ್ಲಿ ಈ ಗ್ರಂಥದ ಹೆಸರನ್ನು ಕೇಳಿದವರು ಎಷ್ಟು ಮಂದಿ! ಸುವಾಸನೆಯು ಹೃದಯವನ್ನೂ ಮೆದುಳನ್ನೂ ಬಲಪಡಿಸುವದೆಂದು ಯುನಾನಿ ವೈದ್ಯರು ನಂಬಿದ್ದರೆಂಬದು ನಿಜ. ಅಲ್ಲಿ ಸುಖವೂ ಚಿಕಿತ್ಸೆಯೂ ಒಂದಕ್ಕೊಂದು ಹತ್ತಿರ ಬಂದವು.

ಶ್ರೀಗಂಧದ ಚರಿತ್ರೆಯು ಈ ವಿಷಯದಲ್ಲಿ ಒಳ್ಳೇ ಪಾಠವಾಗಿರುವದು. ಮೊದಲನೆಯ ಮಹಾಯುದ್ಧದಿಂದ ಜರ್ಮನಿಗೆ ಹೋಗುತ್ತಿದ್ದ ಮರದ ವ್ಯಾಪಾರವು ನಿಂತಾಗ, 1916ರಲ್ಲಿ ಮೈಸೂರು ಸಂಸ್ಥಾನವು ತಾನೇ ಎಣ್ಣೆ ತೆಗೆಯುವ ಕಾರಖಾನೆಯನ್ನು ಸ್ಥಾಪಿಸಿತು. ಆ ಕಾಲದ ಯುರೋಪಿನಲ್ಲಿ ಈ ಎಣ್ಣೆಯು ಬರಿಯ ಪರಿಮಳದ್ರವ್ಯವಾಗಿರಲಿಲ್ಲ; ಗೊನೋರಿಯಾ ಎಂಬ ಗುಪ್ತರೋಗಕ್ಕೆ ಔಷಧವೆಂದು ವೈದ್ಯರು ಅದನ್ನು ಕುಡಿಸುತ್ತಿದ್ದರು. ಪೆನಿಸಿಲಿನ್ ಬಂದಿತು; ಆ ಔಷಧವು ಮೂಲೆಗೆ ಬಿದ್ದಿತು. ಆದರೆ ಶ್ರೀಗಂಧದ ಮಾನವು ಒಂದು ಗುಂಜಿಯಷ್ಟಾದರೂ ಕಡಿಮೆಯಾಯಿತೇ? ಔಷಧವೆಂಬ ಪದವಿ ಹೋದರೂ ಗಂಧವು ಗಂಧವಾಗಿಯೇ ನಿಂತಿತು.

ಇಷ್ಟಾದರೆ ಇದು ಪಂಡಿತರ ಚರ್ಚೆಯಾಗಿ ಉಳಿಯುತ್ತಿದ್ದಿತು. 2021ರ ಬೇಸಿಗೆಯಲ್ಲಿ ಹಾಗೆ ಉಳಿಯಲಿಲ್ಲ. ಕೋವಿಡ್ ಜ್ವರದ ಎರಡನೆಯ ಅಲೆಯು ಏರಿ ಆಮ್ಲಜನಕಕ್ಕೆ ಹಾಹಾಕಾರವೆದ್ದಾಗ, ಕರ್ಪೂರ, ಲವಂಗ, ಅಜವಾನ, ನೀಲಗಿರಿ ಎಣ್ಣೆಗಳನ್ನು ಅರಿವೆಯಲ್ಲಿ ಗಂಟುಕಟ್ಟಿ ಮೂಸಿದರೆ ರಕ್ತದಲ್ಲಿ ಆಮ್ಲಜನಕವು ಏರುವದೆಂಬ ಸಂದೇಶವು ಮೊಬೈಲುಗಳಲ್ಲಿ ದೇಶವನ್ನೆಲ್ಲ ಸುತ್ತಿತು. ವೈದ್ಯರು ಅದನ್ನು ನಿರಾಕರಿಸಿದರು. ನಿರಾಕರಣೆಯು ಸಂದೇಶದಷ್ಟು ವೇಗವಾಗಿ ಓಡಲಿಲ್ಲ. ನಮ್ಮ ಓಣಿಯ ಹಿರಿಯರೊಬ್ಬರು ಆ ಗಂಟನ್ನೇ ನಂಬಿ ಎರಡು ದಿನ ಮನೆಯಲ್ಲಿ ಮಲಗಿದರು. ಕರ್ಪೂರದಿಂದ ಮೂಗು ತಣ್ಣಗಾಗಿ ಉಸಿರು ಸಲೀಸಾದಂತೆ ಅವರಿಗೆ ತೋರುತ್ತಿದ್ದಿತು. ಮೂರನೆಯ ದಿನ ಆಸ್ಪತ್ರೆಗೆ ಒಯ್ದರು; ಅವರು ತಿರುಗಿ ಬರಲಿಲ್ಲ. ಮೊದಲೇ ಒಯ್ದಿದ್ದರೆ ಬದುಕುತ್ತಿದ್ದರೆಂದು ಹೇಳಲು ನಾನು ವೈದ್ಯನಲ್ಲ. ಗಂಟನ್ನು ಕಟ್ಟಿಕೊಟ್ಟ ಮಗನು ಪಿತೃಭಕ್ತಿಯಿಂದಲೇ ಕಟ್ಟಿಕೊಟ್ಟನೆಂಬದನ್ನು ಮಾತ್ರ ಬಲ್ಲೆನು.

ಇಲ್ಲಿ ಒಂದು ಪೂರ್ವಪಕ್ಷವು ಬರುವದು. "ನಂಬಿಕೆಯೇ ಅರ್ಧ ಔಷಧ, ರೋಗಿಗೆ ಧೈರ್ಯ ಕೊಡುವ ಸುಳ್ಳಿನಲ್ಲಿ ದೋಷವೇನು?" ಎಂದು ಕೇಳುವರು. ಈ ಆಕ್ಷೇಪವನ್ನು ನಗೆಯಾಡಿ ತಳ್ಳಲಾಗದು. ಪರಿಮಳದಿಂದ ಆತಂಕವು ಕೆಲಮಟ್ಟಿಗೆ ಶಮನವಾಗುವದೆಂದು ಕೆಲವು ಪರೀಕ್ಷೆಗಳಲ್ಲಿ ಕಂಡುಬಂದಿರುವದು. ಆದರೆ ಧೈರ್ಯವು ರೋಗಿಯನ್ನು ವೈದ್ಯನ ಕಡೆಗೆ ನಡೆಸಬೇಕೇ ಹೊರತು ಬಾಗಿಲಲ್ಲಿಯೇ ನಿಲ್ಲಿಸಬಾರದು. ಪ್ರಿಯವೆಂಬ ಕಾರಣದಿಂದ ಅಸತ್ಯವನ್ನು ನುಡಿಯಬಾರದೆಂದು ಸ್ಮೃತಿಕಾರರು ವಿಧಿಸಿದ್ದು ಇಂಥ ಸಂದರ್ಭಕ್ಕಾಗಿಯೇ. ಸುಳ್ಳು ಹೇಳಿದವನಿಗೆ ದುರುದ್ದೇಶವಿಲ್ಲದಿದ್ದರೂ, ಕೇಳಿದವನು ತನ್ನ ಉಸಿರನ್ನೇ ಅದರ ಮೇಲೆ ಒತ್ತೆಯಿಟ್ಟಿರುವನು.

ಅಲ್ಲದೆ ಈ ಸಾರಗಳು ನಿರಪಾಯವಾದವುಗಳೂ ಅಲ್ಲ. ಕರ್ಪೂರವನ್ನಾಗಲಿ ನೀಲಗಿರಿ ಎಣ್ಣೆಯನ್ನಾಗಲಿ ನುಂಗಿದ ಕೂಸುಗಳಿಗೆ ಸೆಳೆತ ಬಂದು ಪ್ರಾಣಕ್ಕೆ ಕುತ್ತಾದದ್ದುಂಟು; ದೊಡ್ಡವರಲ್ಲಿಯೂ ಇವುಗಳ ಸೇವನೆ ಲೇಪನಗಳಿಂದ ಅಪಸ್ಮಾರದಂಥ ಸೆಳೆತಗಳು ಬರುವದನ್ನು ಬೆಂಗಳೂರಿನ ನರರೋಗತಜ್ಞರು ಬರೆದು ಪ್ರಕಟಿಸಿರುವರು. ಗಿಡದಿಂದ ಬಂದದ್ದೆಲ್ಲ ಸೌಮ್ಯವೆಂದು ನಂಬುವವರು ಉಮ್ಮತ್ತಿಯೂ ಗಿಡವೇ ಎಂಬದನ್ನು ನೆನೆಯಬೇಕು. ಬಾಣಂತಿಯ ಕೋಣೆಯಲ್ಲಿ ಕೆಂಡದ ಮೇಲೆ ಲೋಬಾನ ಹಾಕಿ, ಎಳೆಗೂಸನ್ನು ಆ ಹೊಗೆಗೆ ಹಿಡಿಯುವ ನಮ್ಮ ರೂಢಿಯೂ ಕೂಸಿನ ಶ್ವಾಸಕೋಶಕ್ಕೆ ಒಳ್ಳೇದಲ್ಲ. ಅಜ್ಜಿಯರು ಸಿಟ್ಟಾಗಬಾರದು.

ಹಾಗಾದರೆ ರೋಗಿಯ ಬಳಿಯಲ್ಲಿ ಪರಿಮಳಕ್ಕೆ ಎಡೆಯೇ ಇಲ್ಲವೇ? ಬೇಕಾದಷ್ಟಿರುವದು. ಬಹಳ ದಿನ ಹಾಸಿಗೆ ಹಿಡಿದ ವೃದ್ಧೆಯು ದವನದ ಒಂದು ಕಡ್ಡಿಯನ್ನು ಕೇಳಿದರೆ, ಅದು ಯಾವ ರೋಗಕ್ಕೆಂದು ಯಾರೂ ವಿಚಾರಿಸುವದಿಲ್ಲ. ತಂದು ತಲೆದಿಂಬಿನ ಬಳಿಯಲ್ಲಿಡುವರು. ಆದರೆ ಮೊದಲು ರೋಗಿಯನ್ನೇ ಕೇಳಬೇಕು. ಕಣ್ಣಿಗೆ ರೆಪ್ಪೆಯುಂಟು, ಮೂಗಿಗೆ ಮುಚ್ಚಳವಿಲ್ಲ. ಒಲ್ಲದ ವಾಸನೆಯಿಂದ ಮುಖ ತಿರುಗಿಸುವ ಶಕ್ತಿಯೂ ಎಷ್ಟೋ ರೋಗಿಗಳಿಗೆ ಇರುವದಿಲ್ಲ. ದಮ್ಮಿನವರಿಗಂತೂ ಊದುಬತ್ತಿಯು ಹಿಂಸೆಯೇ.

ಕೋವಿಡ್‌ದಿಂದ ಘ್ರಾಣಶಕ್ತಿಯನ್ನು ಕಳೆದುಕೊಂಡ ಅನೇಕರಿಗೆ ಇಂದಿನ ವೈದ್ಯರು ಒಂದು ಅಭ್ಯಾಸವನ್ನು ಹೇಳುವರು: ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಈ ನಾಲ್ಕರ ವಾಸನೆಯನ್ನು ಮುಂಜಾನೆ ಸಂಜೆ ಒಂದೊಂದಾಗಿ ಗಮನವಿಟ್ಟು ಮೂಸುವದು, ಹೀಗೆ ಮೂರು ತಿಂಗಳು. ಫಲವು ಎಲ್ಲರಿಗೂ ದೊರೆಯುವದಿಲ್ಲ. ಮೊದಲ ದಿನವೇ ವೈದ್ಯನು ಅದನ್ನು ರೋಗಿಗೆ ತಿಳಿಸುವನು; ತಿಳಿಸಿದ ಮೇಲೆಯೂ ರೋಗಿಯು ಮರುದಿನ ಮುಂಜಾನೆ ಎದ್ದು ಲವಂಗದ ಸೀಸೆಯ ಮುಚ್ಚಳವನ್ನು ತೆಗೆಯುವನು.